ಲಾರ್ಡ್ ಪಪಾಯನ ಮಣ್ಣು

"ಮೊದಲು ಈ ಕೋಟಿನ ಗುಂಡಿ ಹಾಕ್ಕೊಳ್ಳಿ ಫೆಸ್ಟಸ್ ಮಾಮ," ಎಂದು ಮರ್ಲೀನ್ ಮುದುಕನನ್ನು ಚರ್ಚಿನ ಗೇಟಿನ ಹೊರಗೇ ನಿಲ್ಲಿಸಿಕೊಂಡು, ತಾನೇ ಒಂದೊಂದಾಗಿ ಗುಂಡಿ ಹಾಕತೊಡಗಿದಳು. ಕೋಟು ಅವಳ ಗಂಡನದು. ಫೆಸ್ಟಸನಂಥವರು ಇನ್ನೊಬ್ಬರು ಅದರೊಳಗೆ ಹಿಡಿಸುತ್ತಿದ್ದರು. ಆದರೂ ಒಳಗಿನ ಕೆಂಪು ಅಂಗಿಯ ನೆರಿಗೆ ತೋಳು ಮುಂಗೈ ಹತ್ತಿರ ಇಣುಕುತ್ತಲೇ ಇತ್ತು. ಅದನ್ನು ಬೆರಳಿನಿಂದ ಒಳಕ್ಕೆ ತುರುಕಿದಳು.

"ನಲವತ್ತು ವರ್ಷ ಇದೇ ಅಂಗೀಲಿ ನಿಮ್ಮಪ್ಪನ ಪಕ್ಕ ಕೂತಿದ್ದೆ ಕಣಮ್ಮ," ಎಂದ ಫೆಸ್ಟಸ್. "ಇವತ್ತು ಕರೀ ಕೋಟಲ್ಲಿ ಹೋದ್ರೆ ಸಾಲ ಕೊಟ್ಟೋನು ಬಂದ ಅಂದ್ಕೊಂಡು ಒಳಗಿಂದ ಹೆಣದ ಪೆಟ್ಟಿಗೆ ಮುಚ್ಕೋತಾನೆ ಅಷ್ಟೆ."

"ಇದು ಹೋಟೆಲಲ್ಲ. ನಮ್ಮ ಸ್ಕೂಲಿನೋರೆಲ್ಲ ಬಂದಿದಾರೆ. ದೇವರ ಹಾಡು ಬಿಟ್ಟು ಬೇರೇನೂ ನುಡಿಸಲ್ಲ ಅಂತ ಮಾತು ಕೊಟ್ಟಿದೀರಿ."

"ಕೊಟ್ಟಿದೀವಿ ತಾಯಿ. ನೀನು ಹೆಡ್ಮಿಸ್ಸು, ನಾವು ಮೂರನೇ ಕ್ಲಾಸು."

ಪಕ್ಕದಲ್ಲಿ ಬ್ಯಾಂಜೊ ಹಿಡಿದು ನಿಂತಿದ್ದ ಮೇಳದ ಬರ್ಟಿ ಕಿಸಕ್ಕನೆ ನಕ್ಕ. ಅವಳ ಮುಖ ನೋಡಿ ಕೆಮ್ಮಿದವನಂತೆ ನಟಿಸಿದ.

ಮಾಂಟೆಗೊ ಬೇ ಕಡೆಯ ಪ್ರವಾಸಿ ಹೋಟೆಲುಗಳಲ್ಲಿ ಮರ್ಲೀನಳ ಅಪ್ಪ ಎಜ್ರಾ ಪಿನಾಕ್ ಅಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಹಾಡುಗಾರ ಲಾರ್ಡ್ ಪಪಾಯ ಅಂದರೆ ಅಡುಗೆಯವನಿಂದ ಹಿಡಿದು ಎಲ್ಲರಿಗೂ ಗೊತ್ತು. ಆ ಹೆಸರು ಇಟ್ಟವನು ಒಬ್ಬ ಮ್ಯಾನೇಜರು. ಹುಲ್ಲಿನ ಟೋಪಿ, ನೆರಿಗೆ ತೋಳಿನ ಅಂಗಿ, ಮೊಣಕಾಲಿನ ಕೆಳಗೆ ಬೇಕೆಂದೇ ಹರಿದ ಪ್ಯಾಂಟು ಕೊಟ್ಟವನೂ ಅವನೇ. ಎಜ್ರಾ ಮನೆಯಿಂದ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹೊರಟು, ಹೋಟೆಲಿನ ಅಡುಗೆಮನೆಯ ಹಿಂದೆ ಆ ಹರಕು ಪ್ಯಾಂಟಿಗೆ ಇಳಿಯುತ್ತಿದ್ದ.

ಚರ್ಚಿನೊಳಗೆ ಪಾದ್ರಿ, ಮರ್ಲೀನ್ ಹೇಳಿಕೊಟ್ಟ ಹಾಗೆಯೇ, "ನಮ್ಮ ಸಹೋದರ ಎಜ್ರಾ ಸಂಗೀತದ ಮೂಲಕ ಸೇವೆ ಸಲ್ಲಿಸಿದವರು," ಎಂದರು.

ಸತ್ತವನ ತಂಗಿ ಐವಿ ಮರ್ಲೀನಳ ಪಕ್ಕದಲ್ಲೇ ಕೂತಿದ್ದಳು. ಪಿಸುಗುಟ್ಟುವುದು ಅವಳಿಗೆ ಬಾರದು. "ಸೇವೆಯಂತೆ. ಪೆಟ್ಟಿಗೇಲಿ ನಮ್ಮಣ್ಣನೇ ಇದಾನೋ ಬೇರೆ ಯಾರಾದ್ರೂ ಮಲಗಿದಾರೋ ನೋಡೇ ಒಂದ್ಸಲ."

"ಮೆಲ್ಲಗೆ ಅತ್ತೆ."

"ಏನು ಮೆಲ್ಲಗೆ? ಒಂದ್ಸಲ ಆ ಪ್ಯಾಂಟು ಒಗೆಯಕ್ಕೆ ಬಂದಿತ್ತು. ಅಯ್ಯೋ ಹರಿದೋಗಿದೆಯಲ್ಲ ಅಂತ ನಾನು ರಾತ್ರಿಯೆಲ್ಲ ಕೂತು ತೇಪೆ ಹಾಕಿ ಕೊಟ್ಟೆ. ಚೆನ್ನಾಗಿದೆ ಕಣೇ ಐವಿ ಅಂದ. ಆಮೇಲೆ ನೋಡ್ತೀನಿ, ಹಿತ್ತಲಲ್ಲಿ ಕೂತು ಬ್ಲೇಡಿಂದ ಒಂದೊಂದೇ ಹೊಲಿಗೆ ಬಿಚ್ತಾ ಇದಾನೆ."

ಹಿಂದಿನ ಸಾಲಿನಲ್ಲಿ ಮರ್ಲೀನಳ ಶಾಲೆಯ ಟೀಚರುಗಳು ತಲೆ ತಗ್ಗಿಸಿದರು. ನಗು ತಡೆಯುವುದಕ್ಕೋ ಮರುಕಕ್ಕೋ ಅವಳಿಗೆ ತಿಳಿಯಲಿಲ್ಲ. ಕಿವಿ ಬಿಸಿಯಾಯಿತು. ಪ್ಯಾಂಟಿನ ಮಾತಿಗಲ್ಲ. ಎದುರಿನ ಮೂಲೆಯಲ್ಲಿ ಫೆಸ್ಟಸ್ ತನ್ನ ವಾದ್ಯ ರುಂಬಾ ಪೆಟ್ಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ, ಮಿಡಿದರೆ ದನಿಗೊಡುವ ಅದರ ಕಬ್ಬಿಣದ ನಾಲಿಗೆಗಳ ಮೇಲೆ ಬೆರಳಿಟ್ಟುಕೊಂಡು. ಆವತ್ತೂ ಹೀಗೆಯೇ ಕೂತಿದ್ದ. ಅವಳ ಗುಟ್ಟು ತಿಳಿದವರಲ್ಲಿ ಬದುಕಿ ಉಳಿದವನು ಅವನೊಬ್ಬನೇ.

*

ಆಗ ಅವಳು ಕಿಂಗ್‌ಸ್ಟನ್ನಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಅಪ್ಪ ಕಸ್ಟಮ್ಸಿನಲ್ಲಿದ್ದಾರೆ ಎಂದು ಗೆಳತಿಯರಿಗೆ ಹೇಳಿದ್ದಳು. ರಜೆಯಲ್ಲಿ ಒಬ್ಬಳ ಮಾವ, ದೊಡ್ಡ ವಕೀಲ, ಹುಡುಗಿಯರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಮಾಂಟೆಗೊ ಬೇಯ ಕಡಲ ಪಕ್ಕದ ಹೋಟೆಲಿನ ನೈಟ್‌ಕ್ಲಬ್ಬಿಗೆ ಕರೆದುಕೊಂಡು ಬಂದ. ಶನಿವಾರ ಅಪ್ಪನ ಸರದಿ ಬೇರೆ ಹೋಟೆಲಿನಲ್ಲಿ ಎಂದು ಅವಳು ಧೈರ್ಯ ಮಾಡಿದ್ದಳು. ಸರದಿ ಬದಲಾಗಿತ್ತು.

ಹಾಡಿಗೂ ಹಾಡಿಗೂ ನಡುವೆ ಮೇಳದವರು ಒಂದೇ ಧಾಟಿಯನ್ನು ಮೆಲ್ಲಗೆ ಸುತ್ತಿಸುತ್ತಿರುತ್ತಾರೆ. ಹಾಡುಗಾರ ಮೇಜುಗಳ ನಡುವೆ ಇಳಿದು ಯಾರನ್ನಾದರೂ ಹೆಸರು, ಊರು ಕೇಳುತ್ತಾನೆ. ಧಾಟಿ ಒಂದು ಸುತ್ತು ಬರುವುದರೊಳಗೆ ಅವರ ಮೇಲೆ ಪದ ಕಟ್ಟಿ ಹಾಡಬೇಕು. ಅದರಲ್ಲಿ ಲಾರ್ಡ್ ಪಪಾಯನಿಗೆ ಸರಿಸಾಟಿ ಇರಲಿಲ್ಲ.

ಅವನು ನೇರ ಇವರ ಮೇಜಿಗೆ ಬಂದ. ಕತ್ತಲಲ್ಲಿ ಮುಖ ಕಂಡದ್ದು ಹತ್ತಿರ ಬಂದ ಮೇಲೆ. ಆಗಲೇ ಬಾಯಿಂದ ಮಾತು ಹೊರಟಿತ್ತು. "ಈ ಚೆಲುವೆಯ ಹೆಸರೇನೋ? ಊರು ಯಾವುದೋ?"

ಗೆಳತಿಯರು ಅವಳನ್ನೇ ನೋಡುತ್ತಿದ್ದರು.

"ಕ್ಯಾಥರೀನ್," ಎಂದಳು. "ಕಿಂಗ್‌ಸ್ಟನ್."

ಧಾಟಿ ಒಂದು ಸುತ್ತು ಬಂತು. ಅವನು ಹಾಡಲಿಲ್ಲ. ಆಗ ಬ್ಯಾಂಜೊ ನುಡಿಸುತ್ತಿದ್ದವನು ತಿರುಗಿ ನೋಡಿದ. ಎರಡನೆಯ ಸುತ್ತಿಗೆ ಅಪ್ಪ ಹಾಡಿದ:

ಕಿಂಗ್‌ಸ್ಟನ್ನಿನ ಕ್ಯಾಥರೀನು ಬಂದಳು ನೋಡಿ ನಮ್ಮೂರಿಗೆ,
ಕಡಲೇ ದಾರಿ ಬಿಡು, ಬಿಸಿಲೇ ಮೆಲ್ಲಗೆ, ಮಗು ಹೊಸದು ಈ ಊರಿಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಅವನು ಟೋಪಿ ತೆಗೆದು ಸೊಂಟ ಬಗ್ಗಿಸಿ ವಕೀಲನಿಗೆ ವಂದಿಸಿದ, ಗೆಳತಿಯರಿಗೆ ವಂದಿಸಿದ, ಅವಳಿಗೂ ವಂದಿಸಿದ. ಹಿಂದೆ ಪೆಟ್ಟಿಗೆಯ ಮೇಲೆ ಕೂತಿದ್ದ ಫೆಸ್ಟಸ್, ಅವಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು, ನೆಲ ನೋಡುತ್ತಿದ್ದ.

ಮನೆಯಲ್ಲಿ ಆ ಮಾತು ಬರಲೇ ಇಲ್ಲ. "ಇನ್ನೊಂದು ತುಂಡು ಮೀನು ಹಾಕ್ಕೋ," ಎಂದಷ್ಟೇ ಅಂದ ಅಪ್ಪ. ಆದರೆ ಅವಳನ್ನು ಹೆಸರು ಹಿಡಿದು ಕರೆಯುವುದು ಅಂದಿಗೆ ನಿಂತುಹೋಯಿತು. ಆಮೇಲೆ ಸಾಯುವ ತನಕ ಟೀಚರ್ ಎಂದೇ ಕರೆದ. ಮಗಳ ಓದಿನ ಹೆಮ್ಮೆ ಎಂದು ಊರು ತಿಳಿದುಕೊಂಡಿತು.

*

ಗೋರಿಯ ಬಾಯಿಗೆ ಗಾರೆ ಹಾಕಿ ಮುಚ್ಚುವ ತನಕ ಹಾಡು ನಿಲ್ಲಬಾರದು, ಅದು ಊರ ಪದ್ಧತಿ. ಗಾರೆ ಕೆಲಸದ ಲಿನ್‌ವಲ್ ಅರ್ಧ ಮುಚ್ಚಿ ಕರಣೆ ಕೆಳಗಿಟ್ಟ.

"ಯಾಕೋ, ಸತ್ತೋನಿಗಿಂತ ನಿಧಾನ ನೀನು," ಎಂದಳು ಐವಿ.

"ಗಾರೆ ಕಮ್ಮಿ ಬಿತ್ತು ಅತ್ತೆ. ಇನ್ನೊಂದು ಬಾಣಲಿ ಕಲಸಬೇಕು."

"ಕಲಸು. ಹಾಡು ನಿಲ್ಲಿಸಬೇಡ್ರೋ ಯಾರೂ."

ಬಲ್ಲ ದೇವರ ಹಾಡುಗಳೆಲ್ಲ ಎರಡೆರಡು ಸಲ ಮುಗಿದಿದ್ದವು. ಪಾದ್ರಿಯ ಗಂಟಲು ಕಟ್ಟಿತ್ತು. ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಮೇಳದವರಿಬ್ಬರೇ ನುಡಿಸುತ್ತ ಉಳಿದರು. ಹಾಡು ಇಲ್ಲದಾಗ ಅವರ ಬೆರಳಿಗೆ ಗೊತ್ತಿದ್ದುದು ಒಂದೇ. ಬರ್ಟಿಯ ಬ್ಯಾಂಜೊ ತಾನಾಗಿ ಆ ಹಳೆಯ ಧಾಟಿಗೆ ತಿರುಗಿತು. ಹಿಂದೆಯೇ ಪೆಟ್ಟಿಗೆಯ ನಾಲಿಗೆಗಳು ಮಿಡಿದವು.

ಕೊನೆಯ ವರ್ಷಗಳಲ್ಲಿ ಎಜ್ರಾನ ಕಿವಿ ಮಂದವಾಗಿತ್ತು. ಕೂತಲ್ಲಿಂದಲೇ ಅತಿಥಿಗಳ ಹೆಸರು ಕೇಳಿ, ಎಡಕ್ಕೆ ತಿರುಗಿ, ಅವನ ಕಿವಿಗೆ ಕೂಗುವ ಕೆಲಸ ಫೆಸ್ಟಸನದಾಗಿತ್ತು. ಈಗ ಫೆಸ್ಟಸನ ಕಣ್ಣು ಅರ್ಧ ಮುಚ್ಚಿತ್ತು. ಮುಖದ ಮೇಲೆ ಹೋಟೆಲಿನ ಆ ಅಗಲ ನಗು ಬಂತು. ಮುಂದಿನ ಸಾಲಿನಲ್ಲಿ ನಿಂತಿದ್ದ ಮರ್ಲೀನಳ ಕಡೆ ಬಾಗಿ, "ಈ ಚೆಲುವೆಯ ಹೆಸರೇನೋ? ಊರು ಯಾವುದೋ?" ಎಂದ.

ಯಾರೋ ಉಸಿರೆಳೆದುಕೊಂಡರು. ಟೀಚರುಗಳ ಕಡೆಯಿಂದ ಒಂದು ನಗು ಅರ್ಧಕ್ಕೆ ಹೊರಟು ನಿಂತಿತು. ಫೆಸ್ಟಸನಿಗೆ ಎಚ್ಚರವಾಯಿತು. ನಗು ಇಳಿದು ಮುಖ ಬೂದಿಯಾಯಿತು.

"ಬಾಯಿಗೆ ಬಂದ್ಬಿಡ್ತು ಮಗಳೇ," ಎಂದ. "ಅಭ್ಯಾಸ. ಬಿಟ್ಬಿಡು."

ಬೆರಳು ಮಾತ್ರ ನಿಲ್ಲಿಸಲಿಲ್ಲ. ಗೋರಿ ಇನ್ನೂ ತೆರೆದಿತ್ತು.

ಮರ್ಲೀನ್ ಒಮ್ಮೆ ತಿರುಗಿ ನೋಡಿದಳು. ಹಿಂದೆ ಅವಳ ಶಾಲೆಯೆಲ್ಲ ನಿಂತಿತ್ತು. ಸುಮ್ಮನಿದ್ದರೆ ಮುದುಕನ ಮರೆವು ಎಂದು ಎಲ್ಲರೂ ಮರೆಯುತ್ತಿದ್ದರು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

"ಮರ್ಲೀನ್," ಎಂದಳು. ದನಿ ಸಾಲಲಿಲ್ಲ. ಇನ್ನೊಮ್ಮೆ, ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ ಹೇಳಿದಳು. "ಮರ್ಲೀನ್ ಪಿನಾಕ್. ಸಾಲ್ಟ್ ಗಲ್ಲಿ. ಲಾರ್ಡ್ ಪಪಾಯನ ಮಗಳು."

ಫೆಸ್ಟಸ್ ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ಎಡಕ್ಕೆ ತಿರುಗಿ, ಯಾರೂ ನಿಂತಿರದ ಜಾಗಕ್ಕೆ, ಕಿವಿ ಮಂದವಾದವನಿಗೆ ಕೂಗುವ ಹಾಗೆ ಗಟ್ಟಿಯಾಗಿ ಕೂಗಿದ: "ಮರ್ಲೀನ್ ಪಿನಾಕ್. ಸಾಲ್ಟ್ ಗಲ್ಲಿ. ನಿನ್ನ ಮಗಳಂತೆ."

ಬರ್ಟಿ ಬ್ಯಾಂಜೊದ ದನಿ ತಗ್ಗಿಸಿದ, ಪದಕ್ಕೆ ಜಾಗ ಬಿಡುವಾಗ ತಗ್ಗಿಸುವ ಹಾಗೆ. ಧಾಟಿ ಒಂದು ಸುತ್ತು ಬಂತು. ಎಜ್ರಾನ ಪದ ಶುರುವಾಗಬೇಕಾದ ಕಡೆ ಇಬ್ಬರೂ ಕಾದರು. ಲಿನ್‌ವಲ್ ಗಾರೆ ಹೊತ್ತು ಬಂದು, ಕರಣೆ ಎತ್ತಿಕೊಳ್ಳದೆ ನಿಂತ. ಧಾಟಿ ಎರಡನೆಯ ಸುತ್ತಿಗೆ ಹೊರಟಿತು.