ಹಳದಿ ಹೂವಿನ ಸೀಟು

ಪ್ರತಿ ಮನೆಯ ಅಟ್ಟದಲ್ಲೂ ಬಿಸಾಡಲು ಮನಸ್ಸು ಬಾರದ ಒಂದು ಸಾಮಾನು ಇದ್ದೇ ಇರುತ್ತದೆ. ನಿಮ್ಮ ಮನೆಯಲ್ಲಿ ಅದು ಕಾಲು ಮುರಿದ ತೊಟ್ಟಿಲಿರಬಹುದು, ಮೂರು ಚಕ್ರದ ಸೈಕಲ್ಲಿರಬಹುದು. ನಮ್ಮ ಮನೆಯಲ್ಲಿ ಅದು ಮಗುವನ್ನು ಕೂರಿಸುವ ಕಾರ್ ಸೀಟು. ಮೂವತ್ತು ವರ್ಷದ ಹಿಂದೆ ನಮ್ಮಣ್ಣನ ಮಗಳು ಹುಟ್ಟಿದಾಗ ಬಂದದ್ದು.

ಆಗ ಅಣ್ಣನ ಹತ್ತಿರ ಒಂದು ಮುದಿ ಕಾರಿತ್ತು. ಕಿಟಕಿ ಇಳಿಸಲು ಹಿಡಿ ತಿರುಗಿಸಬೇಕು, ಆ ಹಿಡಿ ಕೈಗೇ ಕಿತ್ತು ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗು, ಪಕ್ಕದಲ್ಲಿ ಅತ್ತಿಗೆ, ಇನ್ನೊಂದು ಬದಿಗೆ ತಿಂಡಿ ಡಬ್ಬಿ ಹಿಡಿದ ನಾನು. ಅತ್ತಿಗೆ ಹಾಡಿದರೆ ರಾಗ ಒಂದು ಕಡೆ, ತಾಳ ಒಂದು ಕಡೆ. ಆದರೂ ಮಗುವಿಗೆ ಅದನ್ನು ಕೇಳಿದರೇ ನಿದ್ದೆ. ಕಣ್ಣು ಮುಚ್ಚಿತೋ ಇಲ್ಲವೋ, ಅತ್ತಿಗೆ ಮುಂದೆ ಬಾಗಿ ಅಣ್ಣನ ಭುಜ ಮೆತ್ತಗೆ ತಟ್ಟುವಳು. ಮಗು ಮಲಗಿದೆ, ನಿಧಾನವಾಗಿ ಓಡಿಸು ಎಂದು ಅದರ ಅರ್ಥ.

ಆ ಸೀಟಿನ ಒರಟು ಬಟ್ಟೆ ಮಗುವಿನ ಕೆನ್ನೆಗೆ ಒತ್ತುತ್ತದೆಂದು ಅತ್ತಿಗೆ ನೀಲಿ ಬಟ್ಟೆ ತಂದು, ಅದರ ತುಂಬ ಹಳದಿ ಹೂವಿನ ಕಸೂತಿ ಹಾಕಿ ಹೊದಿಸಿದ್ದಳು. ಎಲ್ಲ ಹೂವಿಗೂ ಐದೈದು ಎಸಳು. ಒಂದಕ್ಕೆ ಮಾತ್ರ ನಾಲ್ಕೇ. ಐದನೆಯದನ್ನು ಅಣ್ಣನ ಮಗಳು ಹಲ್ಲು ಬರುವ ಕಾಲದಲ್ಲಿ ಕಚ್ಚಿ ಕಚ್ಚಿ ಕಿತ್ತು ಹಾಕಿದ್ದಳು. "ನಾಳೆ ಹೊಲೀತೀನಿ, ನಾಳೆ ಹೊಲೀತೀನಿ" ಅಂತಲೇ ಅತ್ತಿಗೆಯ ದಿನಗಳು ಕಳೆದವು. ಅವಳು ಹೋಗಿ ಈಗ ನಾಲ್ಕು ವರ್ಷ. ಆ ಹೂವು ಹಾಗೇ ಉಳಿಯಿತು.

ಈಗ ಅದೇ ಮಗಳಿಗೆ ಮಗಳು ಹುಟ್ಟಿದ್ದಾಳೆ. ಎಂಟು ತಿಂಗಳು. ಕೈಕಾಲಿನ ತುಂಬ ಮಡಿಕೆ, ಅದಕ್ಕೇ ನಾನಿಟ್ಟ ಹೆಸರು ದುಂಡಮ್ಮ. ಸೋಮವಾರದಿಂದ ಅವಳ ಅಮ್ಮ ಕೆಲಸಕ್ಕೆ ವಾಪಸ್ಸು. ಅಳಿಯ ದಿನಾ ಬೆಳಿಗ್ಗೆ ದುಂಡಮ್ಮನನ್ನು ಕಾರಿನಲ್ಲಿ ಬೇಬಿ ಸಿಟ್ಟಿಂಗ್‌ಗೆ ಬಿಡಬೇಕು. ದೊಡ್ಡ ರಸ್ತೆ, ಲಾರಿಗಳ ಸಾಲು. ಇದುವರೆಗೆ ಅವಳು ಹೋದದ್ದೆಲ್ಲ ನನ್ನ ಮಡಿಲಲ್ಲಿ. ಇನ್ನು ಮುಂದೆ ಕಾರಿನಲ್ಲಿ ಅಳಿಯ ಒಬ್ಬನೇ, ಮಗು ಒಂದೇ.

"ಸೀಟು ಕೊಳ್ಳೋದ್ಯಾಕೆ? ಮನೇಲೇ ಇದೆಯಲ್ಲ!" ಎಂದು ಅಣ್ಣ ಏಣಿ ಹತ್ತಿಯೇಬಿಟ್ಟ.

ನಮ್ಮಣ್ಣನ ಕಸುಬು ಕುಶನ್ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಸೋಫಾ, ಕಾರಿನ ಸೀಟು, ಲಾರಿಯ ಟಾರ್ಪಾಲು, ಯಾವುದನ್ನು ತಂದರೂ ಹೊಸದು ಮಾಡಿ ಕಳಿಸುತ್ತಾನೆ. ನಾನು ಅಲ್ಲೇ ಕೂತು ಜಿಪ್ಪು ಹೊಲಿಯುತ್ತೇನೆ. ಆ ವಾರ ಗಿರಾಕಿಗಳ ಸೋಫಾಗಳೆಲ್ಲ ಮೂಲೆಗೆ ಸೇರಿದವು. ಅಂಟಿನ ವಾಸನೆ, ಸ್ಪಂಜಿನ ಚೂರು, ನಡುವೆ ಆ ಸೀಟು. ಅತ್ತಿಗೆಯ ಬಟ್ಟೆಯನ್ನು ಅಣ್ಣ ತಾನೇ ಒಗೆದು ನೆರಳಿನಲ್ಲಿ ಒಣಗಿಸಿದ. ಸವೆದ ಬೆಲ್ಟುಗಳನ್ನು ಬಿಚ್ಚಿ, ಟಾರ್ಪಾಲಿಗೆ ಹಾಕುವ ದಪ್ಪ ಪಟ್ಟಿ ಹೊಲಿದ. ಮೊಮ್ಮಗಳ ಬೆನ್ನಿಗೆ ಮೆತ್ತಗಿರಲಿ ಎಂದು ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಸ್ಪಂಜನ್ನು ಮೂರು ಪದರ ಹಾಕಿದ.

"ಅಣ್ಣಾ, ಇದು ಸೀಟೋ ಸಿಂಹಾಸನನೋ?" ಎಂದು ನಾನು ಕೆಣಕಿದೆ.

"ನೋಡ್ತಾ ಇರು. ಇಡೀ ಊರಲ್ಲಿ ಇಂಥ ಸೀಟಲ್ಲಿ ಕೂತ ಮಗು ಇನ್ನೊಂದಿರಲ್ಲ," ಎಂದು ಹಿಗ್ಗಿ ಹೀರೇಕಾಯಿಯಾದ. ಅತ್ತಿಗೆ ಹೋದ ಮೇಲೆ ಅವನ ಮುಖದಲ್ಲಿ ಅಷ್ಟು ಬೆಳಕು ನಾನು ಕಂಡಿರಲಿಲ್ಲ. ನನಗೂ ಹೊಟ್ಟೆ ತುಂಬಿದಂತಾಯಿತು.

ಶನಿವಾರ ಸಂಜೆ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನರ್ಸ್ ಡ್ಯೂಟಿ ಮುಗಿಸಿ ಬಂದವರು ಅಂಗಡಿಯ ಬಾಗಿಲಲ್ಲೇ ನಿಂತರು. ದುಂಡಮ್ಮನಿಗೆ ಎಲ್ಲ ಚುಚ್ಚುಮದ್ದೂ ಹಾಕಿದವರು ಅವರೇ. ಅವರನ್ನು ಕಂಡರೆ ಅವಳು ಈಗಲೂ ಅಳುವ ಹಾಗೆ ತುಟಿ ಸೊಟ್ಟ ಮಾಡುತ್ತಾಳೆ.

"ಎಷ್ಟು ಚೆನ್ನಾಗಿದೆ ಯಜಮಾನ್ರೇ ಈ ಹೂವು!" ಎಂದರು. ಆಮೇಲೆ ಸೀಟನ್ನು ಮಗುಚಿ ಅಡಿಭಾಗ ನೋಡಿದರು. "ಇದು ಕಾರಿಗಾ?"

"ಮತ್ತಿನ್ನೇನು, ಶೋಕೇಸಿಗಾ?" ಅಣ್ಣ ನಕ್ಕ.

ನರ್ಸ್ ನಗಲಿಲ್ಲ. "ಬೇಜಾರು ಮಾಡ್ಕೋಬೇಡಿ. ಇದನ್ನ ಕಾರಲ್ಲಿ ಹಾಕ್ಬೇಡಿ."

ಅಣ್ಣನ ಮುಖ ಕಪ್ಪಿಟ್ಟಿತು. "ನನ್ನ ಮಗಳು ಇದ್ರಲ್ಲೇ ಕೂತು ಬೆಳೆದಳು. ಅವಳಿಗೇನಾಯ್ತು?"

"ಏನೂ ಆಗ್ಲಿಲ್ಲ. ಯಾಕಂದ್ರೆ ನಿಮ್ಮ ಕಾರು ಯಾವತ್ತೂ ಯಾವುದಕ್ಕೂ ಗುದ್ದಲಿಲ್ಲ. ಅದು ನಿಮ್ಮ ಪುಣ್ಯ. ಆದ್ರೆ ಸೀಟು ಇರೋದು ಗುದ್ದೋ ದಿನಕ್ಕೆ ತಾನೇ?"

"ಸಿಸ್ಟರ್, ನನ್ನ ಹೊಲಿಗೆಗೆ ಲಾರಿ ಟಾರ್ಪಾಲೇ ನಿಲ್ಲುತ್ತೆ. ಈ ಚೋಟುದ್ದ ಮಗು ನಿಲ್ಲಲ್ವಾ?"

"ಹೊಲಿಗೆ ಗಟ್ಟಿನೇ, ಇಲ್ಲ ಅನ್ನಲ್ಲ. ಆದ್ರೆ ಹೊಸ ಸೀಟನ್ನ ಮಾರೋಕೆ ಮುಂಚೆ ಬೊಂಬೆ ಕೂರಿಸಿ, ಗುದ್ದಿಸಿ ಪರೀಕ್ಷೆ ಮಾಡಿರ್ತಾರೆ. ನೀವು ಬೆಲ್ಟು ಬದಲಾಯಿಸಿದ ಮೇಲೆ ಇದನ್ನ ಪರೀಕ್ಷೆ ಮಾಡಿದೋರು ಯಾರು? ಮೊದಲ ಸಲ ಪರೀಕ್ಷೆ ಆಗೋದು ಮಗು ಮೇಲೇನಾ?"

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. "ಹಾಗಾದ್ರೆ ನಮ್ಮವಳ ಕೈಕೆಲಸ ತಿಪ್ಪೆಗೆ ಹಾಕು ಅಂತೀರಾ? ನನ್ನ ಮೊಮ್ಮಗಳನ್ನ ನೋಡೋಕಂತೂ ಅವಳಿಲ್ಲ. ಅವಳು ಮಾಡಿದ್ದರಲ್ಲಾದ್ರೂ ಮಗು ಕೂತ್ಕೊಳ್ಲಿ ಅಂತ ಅಲ್ವಾ ನಾನು..."

ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದ ಅಣ್ಣನ ಮಗಳು ಬಾಗಿಲಲ್ಲೇ ನಿಂತಳು. "ಅಪ್ಪಾ, ನಂಗೂ ಅದೇ ಆಸೆ. ಆದ್ರೆ ಮೊನ್ನೆಯಿಂದ ಎದೇಲಿ ಏನೋ ಪುಕುಪುಕು. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

ನರ್ಸ್ ಸೀಟನ್ನು ನೆಟ್ಟಗೆ ಇಟ್ಟರು. "ನಾನು ಹೇಳಿದ್ದು ನಂಬಬೇಡಿ ಯಜಮಾನ್ರೇ. ನೀವೇ ನೋಡಿ. ದುಂಡಮ್ಮನ್ನ ಕೂರಿಸಿ, ನಿಮಗೆ ಸಮಾಧಾನ ಆಗೋವಷ್ಟು ಬಿಗಿಯಾಗಿ ಬೆಲ್ಟು ಹಾಕಿ."

ಅಣ್ಣ ಬಿಗಿದ. ಕಿರುಬೆರಳೂ ತೂರದಷ್ಟು ಬಿಗಿ. "ಈಗೇನಂತೀರಿ?"

"ಬೆಲ್ಟನ್ನ ಸಡಿಲ ಮಾಡ್ಬೇಡಿ, ಮುಟ್ಟಲೇಬೇಡಿ. ಬೆನ್ನ ಹಿಂದಿರೋ ಸ್ಪಂಜನ್ನ ಮಾತ್ರ ಎಳೆದು ತೆಗೀರಿ."

ಅಣ್ಣ ಒಂದೊಂದೇ ಪದರ ಹೊರಗೆಳೆದ. ಮೂರನೆಯದು ಬರುವಷ್ಟರಲ್ಲಿ ಬೆಲ್ಟು ಹಳೇ ಹಾರದ ಹಾಗೆ ಜೋತಾಡುತ್ತಿತ್ತು. ನನ್ನ ಇಡೀ ಮುಷ್ಟಿ ಒಳಗೆ ಹೋಯಿತು. ದುಂಡಮ್ಮ ಇದೊಂದು ಆಟವೆಂದುಕೊಂಡು ಕಿಲಕಿಲ ನಕ್ಕು, ಒಂದು ಕೈ ಬಿಡಿಸಿಕೊಂಡಳು. ಇನ್ನೊಂದನ್ನೂ ಬಿಡಿಸಿಕೊಂಡಳು. ಹಾಗೇ ಮುಂದಕ್ಕೆ ಬಾಗಿ ಜಾರಿದವಳನ್ನು ಅಣ್ಣ ಎರಡೂ ಕೈ ಚಾಚಿ ಹಿಡಿದುಕೊಂಡ.

"ಕಾರು ಗುದ್ದಿದಾಗ ಸ್ಪಂಜು ಹೀಗೇ ಅಪ್ಪಚ್ಚಿ ಆಗುತ್ತೆ," ಎಂದರು ನರ್ಸ್. "ಮಗು ಮೈಗೂ ಬೆಲ್ಟಿಗೂ ನಡುವೆ ಇಷ್ಟು ಜಾಗ ಬಂದ್ಬಿಡುತ್ತೆ. ಆಗ ಹಿಡ್ಕೊಳ್ಳೋಕೆ ಅಲ್ಲಿ ನಿಮ್ಮ ಕೈ ಇರಲ್ಲ. ದಪ್ಪ ಸ್ವೆಟರ್ ಹಾಕಿ ಬೆಲ್ಟು ಬಿಗಿದ್ರೂ ಇದೇ ಕಥೆ."

ಸ್ಪಂಜು ಅಪ್ಪಚ್ಚಿಯಾಗುವುದನ್ನು ನಮ್ಮಣ್ಣನಿಗೆ ಬೇರೆಯವರು ಹೇಳಿಕೊಡಬೇಕೆ? ಜೀವಮಾನವಿಡೀ ಕೂತುಹೋದ ಸ್ಪಂಜನ್ನು ಬದಲಾಯಿಸಿಯೇ ಅವನು ಅನ್ನ ತಿಂದದ್ದು. ಮೊಮ್ಮಗಳನ್ನು ಎದೆಗೊತ್ತಿಕೊಂಡು ಸೀಟನ್ನು ತಾನೇ ಮಗುಚಿದ. ಅಡಿಭಾಗದ ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ. ಕೂದಲೆಳೆಯಂಥ ಬಿಳಿ ಗೆರೆಗಳು.

"ಹಳೇ ಬಕೆಟ್ಟಿನ ಹಿಡಿ ಮುರಿಯೋ ಮುಂಚೆ ಹೀಗೇ ಬಿಳುಚಿಕೊಳ್ಳುತ್ತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಹೂವು ನೋಡ್ತಾ ಕೂತೆ. ಇದನ್ನ ನೋಡ್ಲೇ ಇಲ್ಲ ನಾನು."

"ನಾನು ಮಡಿಲಲ್ಲಿ ಇಟ್ಕೊಂಡು ಜೊತೇಲಿ ಹೋದ್ರೆ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಜೋರಾಗಿ ಬ್ರೇಕ್ ಬಿದ್ರೆ ನಿಮ್ಮ ಕೈಲಿರೋ ಹಣ್ಣಿನ ಚೀಲನೇ ನಿಲ್ಲಲ್ಲ ಅಕ್ಕಾ. ಆ ಕ್ಷಣದಲ್ಲಿ ಮಗು ಭಾರ ಎಷ್ಟೋ ಪಟ್ಟು ಹೆಚ್ಚಾಗುತ್ತೆ. ಎಂಥ ಪೈಲ್ವಾನನಿಗೂ ಹಿಡಿಯೋಕಾಗಲ್ಲ."

ಭಾನುವಾರ ನಾವೆಲ್ಲ ಹೊಸ ಸೀಟು ಕೊಳ್ಳಲು ಪೇಟೆಯ ಅಂಗಡಿಗೆ ಹೊರಟೆವು. ನರ್ಸೂ ಬಂದರು. ಮಗುವನ್ನು ಮನೆಯಲ್ಲಿ ಅದರ ಅಮ್ಮನ ಹತ್ತಿರ ಬಿಟ್ಟಿದ್ದೆವು. ಅಂಗಡಿಯಲ್ಲಿ ಅಣ್ಣ ಸುಮ್ಮನಿದ್ದರೆ ಕೇಳಿ! ಸಿಕ್ಕ ಸಿಕ್ಕ ಸೀಟಿನ ಬಟ್ಟೆ ಚಿವುಟಿ, "ಇದೇನು ಹೊಲಿಗೆನಾ? ನಮ್ಮ ತಂಗಿ ಇದಕ್ಕಿಂತ ಚೆನ್ನಾಗಿ ಹೊಲೀತಾಳೆ," ಎಂದು ಮೂಗು ಮುರಿದ. ಹೊಗಳಿಕೆಯೋ ತೆಗಳಿಕೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೊನೆಗೆ ಮಖಮಲ್ಲಿನ ದೊಡ್ಡ ಸೀಟೊಂದರ ಮುಂದೆ ನಿಂತ.

"ಬಟ್ಟೆ ಆಮೇಲೆ ನೋಡೋಣ," ಎಂದರು ನರ್ಸ್. "ಮೊದಲು ಸೀಟಿಗೆ ಅಂಟಿಸಿರೋ ಚೀಟಿ ನೋಡಿ. ಸುರಕ್ಷತೆ ಪರೀಕ್ಷೆ ಪಾಸಾದ ಗುರುತು ಇದೆಯಾ? ಎಷ್ಟು ತೂಕ, ಎಷ್ಟು ಎತ್ತರದ ಮಗುವಿಗೆ ಅಂತ ಬರೆದಿದ್ದಾರಾ? ನಮ್ಮ ದುಂಡಮ್ಮನ ತೂಕಕ್ಕೆ ಸರಿಯಾಗಿರಬೇಕು. ಬೆಳೀತಾಳೆ ಅಂತ ಲಂಗ ದೊಡ್ಡದು ಹೊಲಿಸಿದ ಹಾಗಲ್ಲ ಇದು."

ಮಖಮಲ್ಲಿನ ಸೀಟಿನಲ್ಲಿ ಎಲ್ಲ ಗುರುತೂ ಇತ್ತು. ಆದರೆ ಅಳಿಯನ ಸಣ್ಣ ಕಾರಿನಲ್ಲಿ ಇಟ್ಟು ನೋಡಿದರೆ ಎಷ್ಟು ಬಿಗಿದರೂ ಒಂದು ಕಡೆ ವಾಲುತ್ತಿತ್ತು. ಅದೇ ಗುರುತುಗಳಿದ್ದ ಪಕ್ಕದ ಸಾದಾ ಬೂದು ಬಣ್ಣದ ಸೀಟು ಸರಿಯಾಗಿ ಕೂತಿತು. ಕಾರಿನ ಬೆಲ್ಟು ಹಾಯುವ ಜಾಗ ಹಿಡಿದು ಅಣ್ಣ ಮೈಯ ಬಲವನ್ನೆಲ್ಲ ಬಿಟ್ಟು ಅಲುಗಿಸಿದ. ಒಂದು ಅಂಗುಲವೂ ಜರುಗಲಿಲ್ಲ. ಅಷ್ಟು ಗಟ್ಟಿಯಾಗಿ ಕೂತ ಸೀಟು ಅದೊಂದೇ.

"ಇದೇನು, ಹಿಂದು ಮುಂದು ಇಟ್ಟಿದ್ದೀರಲ್ಲ?" ಅಣ್ಣನಿಗೆ ಮತ್ತೆ ಅನುಮಾನ. "ಮಗು ಹಿಂದಕ್ಕೆ ಮುಖ ಮಾಡಿ ಕೂತ್ರೆ ರಸ್ತೆ ಕಾಣುತ್ತಾ?"

"ರಸ್ತೆ ನೋಡ್ಬೇಕಾದೋರು ನಿಮ್ಮಳಿಯ," ಎಂದರು ನರ್ಸ್. ಅಳಿಯ ಕೆಮ್ಮಿದ. "ಮಗು ತಲೆ ಭಾರ, ಕತ್ತು ಎಳೇದು. ಹಿಂದಕ್ಕೆ ಮುಖ ಮಾಡಿ ಕೂತಿದ್ರೆ ಮುಂದಿಂದ ಗುದ್ದಿದಾಗ ಆ ಏಟನ್ನ ಸೀಟಿನ ಬೆನ್ನು ತಗೊಳ್ಳುತ್ತೆ. ಆ ಸೀಟು ಎಷ್ಟು ತೂಕ, ಎತ್ತರದವರೆಗೆ ಆಗುತ್ತೆ ಅನ್ನುತ್ತೋ ಅಲ್ಲೀವರೆಗೂ ಹೀಗೇ ಕೂರಿಸಿ. ಕಾಲು ಮಡಚಿಕೊಂಡ್ರೆ ಪರವಾಗಿಲ್ಲ. ಮತ್ತೆ ಯಾವಾಗ್ಲೂ ಹಿಂದಿನ ಸೀಟಲ್ಲೇ ಇಡಿ. ಮುಂದಿಟ್ರೆ, ಗುದ್ದಿದಾಗ ಏರ್‌ಬ್ಯಾಗು, ಅಂದ್ರೆ ಗಾಳಿಚೀಲ, ಉಬ್ಬಿ ಬಂದು ಮಗುಗೇ ಹೊಡೆಯುತ್ತೆ."

ಸೀಟೇನೋ ಮನೆಗೆ ಬಂತು. ಹಳೆಯದನ್ನು ಏನು ಮಾಡುವುದು? ಗುಜರಿಯವನಿಗೆ ಕೊಡೋಣ ಎಂದೆ ನಾನು. ಅಣ್ಣ ತಲೆ ಅಲ್ಲಾಡಿಸಿದ. "ಬೇಡ. ಚೆನ್ನಾಗಿದೆಯಲ್ಲ ಅಂತ ಯಾರೋ ಎತ್ಕೊಂಡು ಹೋಗಿ ಅವರ ಮಗುನ ಕೂರಿಸ್ತಾರೆ. ನಾನೇ ಮೋಸ ಹೋಗಲಿಲ್ವಾ?"

ಅಂಗಡಿಯ ದೊಡ್ಡ ಕತ್ತರಿ ತೆಗೆದ. ತಾನೇ ಹೊಲಿದ ಆ ದಪ್ಪ ಪಟ್ಟಿಗಳನ್ನು ತಾನೇ ಕಚಕಚನೆ ಕತ್ತರಿಸಿದ. ಪ್ಲಾಸ್ಟಿಕ್ಕಿನ ಮೇಲೆ ‘ಕಾರಿಗೆ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದ. ಆದರೆ ನೀಲಿ ಬಟ್ಟೆಗೆ ಕತ್ತರಿ ತಾಗಿಸಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದ. ಎಲ್ಲಿ ದಾರ ಎಳೆದರೆ ಬಿಡುತ್ತದೆ, ಅತ್ತಿಗೆ ಎಲ್ಲಿ ಗಂಟು ಹಾಕುತ್ತಿದ್ದಳು, ಎಲ್ಲ ಅವನ ಬೆರಳಿಗೆ ಗೊತ್ತಿತ್ತು. ಬಿಚ್ಚಿದ ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು ಅತ್ತ. ಜೊತೆಗೆ ನಾನೂ ಅತ್ತೆ. ಆಮೇಲೆ ಇಬ್ಬರೂ ಸೇರಿ ಅದರ ಹಿಂದಕ್ಕೆ ತೆಳುವಾದ ಹತ್ತಿ ಬಟ್ಟೆ ಕೊಟ್ಟು, ಸುತ್ತ ಅಂಚು ಹೊಲಿದು, ಒಂದು ಪುಟ್ಟ ಹೊದಿಕೆ ಮಾಡಿದೆವು.

"ನಾಲ್ಕೆಸಳಿನ ಹೂವಿಗೆ ಇನ್ನೊಂದೆಸಳು ಹಾಕಲಾ?" ಎಂದು ಕೇಳಿದೆ.

"ಬೇಡ. ಅವಳು ನಾಳೆ ಹೊಲೀತೀನಿ ಅಂದಿದ್ದಾಳೆ. ಇರ್ಲಿ ಬಿಡು."

ಸೋಮವಾರ ಬೆಳಿಗ್ಗೆ ಅಣ್ಣನೇ ದುಂಡಮ್ಮನನ್ನು ಕೂರಿಸಿದ. ಸ್ವೆಟರ್ ಬಿಚ್ಚಿದ. ಬೆಲ್ಟು ಎಳೆದ. ಭುಜದ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿದ. ಬೆರಳಿಗೆ ಮಡಿಕೆ ಸಿಗಲಿಲ್ಲ, ಸರಿಯಾಗಿದೆ ಎಂದರ್ಥ. ಎಲ್ಲ ಮುಗಿದ ಮೇಲೆ ಅತ್ತಿಗೆಯ ಹಳದಿ ಹೂಗಳನ್ನು ಬೆಲ್ಟಿನ ಮೇಲಿಂದ ಮೆತ್ತಗೆ ಹೊದಿಸಿದ. ಅಜ್ಜಿಯ ಕೈಕೆಲಸ ಮೊಮ್ಮಗಳಿಗೆ ತಲುಪಿತು, ಬೆಲ್ಟೂ ತನ್ನ ಜಾಗದಲ್ಲಿ ಬಿಗಿಯಾಗಿಯೇ ಉಳಿಯಿತು.

ದುಂಡಮ್ಮನ ಬೆರಳು ಹೊದಿಕೆಯ ಮೇಲೆಲ್ಲ ಓಡಾಡಿ, ಸುತ್ತಿ ಸುತ್ತಿ, ಆ ನಾಲ್ಕೆಸಳಿನ ಹೂವನ್ನೇ ಹಿಡಿದು ಬಾಯಿಗಿಟ್ಟುಕೊಂಡಿತು. ಅವಳ ಅಮ್ಮ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅಳಿಯ ಕಾರು ಶುರು ಮಾಡಿದ. ಅಣ್ಣ ಕಿಟಕಿಯೊಳಗೆ ಕೈ ತೂರಿಸಿ ಅವನ ಭುಜವನ್ನು ಮೆತ್ತಗೆ ತಟ್ಟಿದ. ಅದರ ಅರ್ಥ ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವನು ನಿಧಾನವಾಗಿಯೇ ಹೊರಟ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಅಟ್ಟದಲ್ಲೂ ಹಳೆಯ ಸೀಟು ಇದ್ದರೆ ಇವತ್ತೇ ಇಳಿಸಿ, ಮಗುಚಿ ನೋಡಿ. ಸೀಟಿನ ಮೇಲೆ ಬರೆದ ಬಳಕೆಯ ಅವಧಿ ಮುಗಿದಿದ್ದರೆ, ಒಮ್ಮೆ ಅಪಘಾತ ಕಂಡಿದ್ದರೆ, ಅದರ ಹಿಂದಿನ ಕಥೆ ನಿಮಗೆ ಗೊತ್ತಿಲ್ಲದಿದ್ದರೆ ಮಗುವನ್ನು ಅದರಲ್ಲಿ ಕೂರಿಸಬೇಡಿ. ಹೊಸದನ್ನು ಕೊಳ್ಳುವಾಗ ಬಣ್ಣ ಬೆಡಗಿಗೆ ಮರುಳಾಗದೆ, ನಿಮ್ಮ ಮಗುವಿಗೂ ನಿಮ್ಮ ಕಾರಿಗೂ ಸರಿಹೊಂದುವುದನ್ನು ತನ್ನಿ. ಜೊತೆಗೆ ಬಂದ ಪುಸ್ತಕ ಓದಿ, ಹಾಗೆಯೇ ಬಿಗಿಯಿರಿ. ಬೆಲ್ಟಿನ ಕೆಳಗೆ ಏನನ್ನೂ ತುರುಕಬೇಡಿ. ಪಕ್ಕದ ಬೀದಿಗೇ ಹೋಗುವುದಾದರೂ ಮಡಿಲು ಬೇಡ, ಸೀಟೇ ಇರಲಿ.

ಹಿರಿಯರ ನೆನಪನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ನಮ್ಮಣ್ಣ ಬಿಸಾಡಲಿಲ್ಲ. ಮೊದಲು ಬೆಲ್ಟು ಹಾಕಿ, ಆಮೇಲೆ ಹೊದಿಸಿ.