ಕೊರಾಲಿ ಯಾವ ಶಾಲೆಗೆ?

ನಮ್ಮ ಪೆಟಿತ್-ಆನ್ಸ್ ಊರಿನಲ್ಲಿ ಒಂದು ಮರ್ಯಾದೆ ಇದೆ. ಹತ್ತು ಜನ ಫ್ರೆಂಚಿನಲ್ಲಿ ಹರಟುತ್ತಾ ಕೂತಿರಲಿ, ಇಂಗ್ಲಿಷಿನವರು ಒಬ್ಬರು ಒಳಗೆ ಬಂದರೆ ಸಾಕು, ಹತ್ತೂ ಜನ ಇಂಗ್ಲಿಷಿಗೆ ತಿರುಗುತ್ತಾರೆ. ಬಂದವರಿಗೆ ಬೇಜಾರಾಗಬಾರದಲ್ಲ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಕರಾವಳಿಯಲ್ಲಿ, ಫ್ರೆಂಚ್ ಮಾತಾಡುವ ನಾವು ಅಕಾಡಿಯನ್ನರು ಉಳಿದಿರುವುದೇ ಬೆರಳೆಣಿಕೆಯ ಊರುಗಳಲ್ಲಿ. ಅಲ್ಲೂ ಈ ಮರ್ಯಾದೆಯಿಂದಲೇ ಭಾಷೆ ಸವೆಯುತ್ತಾ ಬಂತು.

ನನ್ನ ತಂಗಿ ಜೆಲೀ ಮದುವೆಯಾದದ್ದು ಇಂಗ್ಲಿಷಿನ ವೆಂಡೆಲ್‌ನನ್ನು. ಲಾಬ್‌ಸ್ಟರ್ ಹಿಡಿಯುವವನು, ಮಾತು ಕಡಿಮೆ, ಒಳ್ಳೆಯವನು. ಅವರ ಮಗಳು ಕೊರಾಲಿಗೆ ಐದು ತುಂಬಿತ್ತು. ಸೆಪ್ಟೆಂಬರಿಗೆ ಶಾಲೆ.

ಆ ಶನಿವಾರ ಜೆಲೀಯ ಅಡುಗೆಮನೆಯಲ್ಲಿ ನಾವು ಮೂವರು ನಮ್ಮವರ ತಿನಿಸು ರಾಪ್ಯೂರ್ ಮಾಡಲು ಆಲೂಗಡ್ಡೆ ತುರಿಯುತ್ತಿದ್ದೆವು. ಮೂರನೆಯವಳು ಪಕ್ಕದ ಮನೆಯ ಒಬೆಲಿನ್. ಫ್ರೆಂಚ್ ಶಾಲೆಯ ಪೋಷಕರ ಸಮಿತಿಯಲ್ಲಿದ್ದಾಳೆ, ಬಾಯಿ ಸ್ವಲ್ಪ ಜೋರು.

"ಇನ್ನೂ ಹಿಂಡೇ, ನೀರು ಬಿಟ್ರೆ ಗಂಜಿ ಆಗುತ್ತೆ. ಕೊರಾಲಿ ಹೆಸರು ಬರೆಸಿದ್ಯಾ?" ಎಂದಳು ಒಬೆಲಿನ್.

"ಇಂಗ್ಲಿಷ್ ಶಾಲೆಗೇ ಹಾಕ್ತೀನಿ ಕಣಕ್ಕ. ಅಲ್ಲೂ ಫ್ರೆಂಚಲ್ಲಿ ಪಾಠ ಹೇಳೋ ತರಗತಿ ಇದೆಯಲ್ಲ."

"ಅದು ಇಂಗ್ಲಿಷ್ ಮನೆ ಮಕ್ಕಳು ಫ್ರೆಂಚ್ ಕಲೀಲಿ ಅಂತ ಮಾಡಿರೋದು. ಪಾಠ ಫ್ರೆಂಚು, ಅಂಗಳಕ್ಕೆ ಬಂದ್ರೆ ಆಟ, ಜಗಳ, ಗುಟ್ಟು ಎಲ್ಲಾ ಇಂಗ್ಲಿಷು. ನಿನ್ನ ಮಗಳಿಗೆ ಬೇಕಾಗಿರೋದು ಜಗಳ ಆಡೋ ಫ್ರೆಂಚು."

"ಅವಳಪ್ಪ ಇಂಗ್ಲಿಷಿನವರು. ನಿಮ್ಮ ಶಾಲೇಲಿ ಸೇರಿಸ್ಕೊಳ್ತಾರಾ?"

"ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಮೊದಲು ಕಲಿತ ಭಾಷೆ ಫ್ರೆಂಚ್ ಆಗಿದ್ದು, ಈಗಲೂ ಅರ್ಥ ಆಗ್ತಿದ್ರೆ ಸಾಕು. ಸಂವಿಧಾನದಲ್ಲಿರೋ ಹಕ್ಕು ಅದು. ನೀನು ಕೈಬಿಟ್ರೆ ಮುಂದೆ ಕೊರಾಲಿ ಮಕ್ಕಳಿಗೆ ಅದು ತಪ್ಪಿಹೋಗಬಹುದು."

ಜೆಲೀ ಮೂಗು ಮುರಿದಳು. "ಹಕ್ಕಂತೆ. ಒಟ್ಟಾವಾದ ಕೇಂದ್ರ ಸರ್ಕಾರದವರು ಭಾಷೆ ಉಳಿಸೋಕೆ ಕಾನೂನು ಮಾಡಿದಾರಲ್ಲ, ಅವರೇ ಬಂದು ಉಳಿಸ್ಲಿ."

"ಒಟ್ಟಾವಾ ನೆರವು ಕೊಡುತ್ತೆ. ಶಾಲೆ ವಿಷಯ ನಮ್ಮ ಪ್ರಾಂತ್ಯದ್ದು. ದಿನಸಿ ತಂದುಕೊಟ್ಟ ಮಾವ ಅಡುಗೆಮನೆಗೆ ನುಗ್ಗಿ ಸೌಟು ಹಿಡಿದ್ರೆ ನೀನು ಸುಮ್ಮನಿರ್ತೀಯಾ? ಅವರವರ ಕೆಲಸ ಅವರವರಿಗೆ. ತರಗತಿ ಬೇಕು, ಟೀಚರು ಬೇಕು ಅಂತ ನಾವು ಕೇಳೋದು ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸಲ್ಲಿ. ಅವರೂ ನಮ್ಮ ಹಕ್ಕಿಗೆ ಬೆಲೆ ಕೊಡಲೇಬೇಕು. ಆದ್ರೆ ಮಕ್ಕಳೆಲ್ಲಿ ಅಂದ್ರೆ ಯಾರನ್ನ ತೋರಿಸ್ಲಿ? ಈ ಆಲೂಗಡ್ಡೆನಾ?"

ನಾನು ನಕ್ಕೆ. ಜೆಲೀ ನಗಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ತುರಿಯನ್ನು ಹಿಂಡುತ್ತಲೇ ನನ್ನ ಕಡೆ ನೋಡಿದಳು.

"ಅಮ್ಮ ಹೋದ ಮೇಲೆ ನನ್ನನ್ನ ಫ್ರೆಂಚಲ್ಲಿ ಬೈಯೋರೇ ಇಲ್ಲ ಅಕ್ಕ. ತಲೆ ಬಾಚ್ತಾ ಅವಳು ಆಡ್ತಿದ್ದ ಮಾತೆಲ್ಲ ನಾಲಗೆ ತುದಿಗೆ ಬರುತ್ತೆ. ಕೊರಾಲಿಗೆ ಹೇಳಿದ್ರೆ ಇಂಗ್ಲಿಷಲ್ಲಿ 'ಏನು?' ಅಂತಾಳೆ. ನಂಗೆ ಆಸೆ ಇಲ್ಲ ಅಂದ್ಕೊಂಡ್ರಾ? ಆದ್ರೆ ನಾನೂ ಕೊರಾಲಿನೂ ಫ್ರೆಂಚಲ್ಲಿ ಮಾತಾಡ್ತಾ ಕೂತ್ರೆ ಅವಳಪ್ಪ ತಮ್ಮ ಮನೇಲೇ ಪರದೇಶಿ ಆಗ್ತಾರೆ."

ಅಮ್ಮನ ಆ ಮಾತುಗಳಿಗಾಗಿ ನಾನೂ ಹಂಬಲಿಸುತ್ತೇನೆ, ಆದರೆ ನನ್ನ ತಂಗಿಗೆ ಇನ್ನೂ ಅವನ್ನು ದಾಟಿಸಲು ಮಗಳಿದ್ದಾಳೆ.

ಅಷ್ಟರಲ್ಲಿ ಹೊರಗೆ ಲಾಬ್‌ಸ್ಟರ್ ಬೋನು ರಿಪೇರಿ ಮಾಡುತ್ತಿದ್ದ ವೆಂಡೆಲ್ ಟೀಗೆಂದು ಒಳಗೆ ಬಂದ. ರೂಢಿಯಂತೆ ಮೂವರೂ ಇಂಗ್ಲಿಷಿಗೆ ತಿರುಗಿದೆವು. ಒಬೆಲಿನ್ ಸುತ್ತಿ ಬಳಸಲಿಲ್ಲ.

"ವೆಂಡೆಲ್, ಮಗಳು ಫ್ರೆಂಚ್ ಶಾಲೆಗೆ ಹೋದ್ರೆ ನಿಂಗೆ ಬೇಜಾರಾ?"

ಅವನು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ.

"ಹೊರಗೆ ಕೂತು ನಿಮ್ಮ ನಗು ಕೇಳಿಸ್ಕೊಳ್ತಿರ್ತೀನಿ," ಎಂದ. "ನಾನು ಒಳಗೆ ಬಂದ ತಕ್ಷಣ ಅದು ನಿಂತುಹೋಗುತ್ತೆ. ಇಷ್ಟು ವರ್ಷ ಆಯ್ತು, ನನ್ನ ಹೆಂಡತಿ ಅವಳ ಭಾಷೇಲಿ ನಗೋದನ್ನ ಗೋಡೆ ಆಚೆಯಿಂದಲೇ ಕೇಳಿದೀನಿ. ನೀವು ಇಂಗ್ಲಿಷಿಗೆ ತಿರುಗದೇ ಇದ್ದಿದ್ರೆ ನಾನೂ ಕಲಿತಿರ್ತಿದ್ದೆ. ಮಗಳನ್ನಾದ್ರೂ ಒಳಗೆ ಬಿಟ್ಕೊಳ್ಳಿ."

ಜೆಲೀಯ ಕೈ ನಿಂತಿತು. "ಇಂಗ್ಲಿಷಲ್ಲಿ ಹಿಂದೆ ಬಿದ್ರೆ?"

"ನಾನಿಲ್ವಾ? ಅಂಗಡಿ ಇಲ್ವಾ, ಟೀವಿ ಇಲ್ವಾ? ಇಂಗ್ಲಿಷು ಕರೀದೇನೇ ಬರುತ್ತೆ."

ಜೆಲೀ ಕೈ ಒರೆಸಿಕೊಂಡು ಕೆಟಲ್ ಎತ್ತಿದಳು. ಆಮೇಲೆ ಗಂಡನ ಮುಖ ನೋಡಿ, ಫ್ರೆಂಚಿನಲ್ಲೇ, ನಿಧಾನವಾಗಿ ಕೇಳಿದಳು: "ಹಾಲು ಹಾಕ್ಲಾ ರೀ?"

ನಾವ್ಯಾರೂ ಇಂಗ್ಲಿಷಿನಲ್ಲಿ ಹೇಳಿಕೊಡಲಿಲ್ಲ. ಅವನು ಯೋಚಿಸಿ, ಕೆಂಪಗಾಗಿ, ಫ್ರೆಂಚಿನಲ್ಲಿ "ಸ್ವಲ್ಪ" ಎಂದ. ಸೋಮವಾರ ಗಂಡ ಹೆಂಡತಿ ಇಬ್ಬರೂ ಹೋಗಿ ಕೊರಾಲಿಯ ಹೆಸರನ್ನು ಫ್ರೆಂಚ್ ಶಾಲೆಯಲ್ಲಿ ಬರೆಸಿದರು.

ತಾಯಂದಿರೇ, ತಂದೆಯರೇ, ನಿಮ್ಮಲ್ಲಿ ಒಬ್ಬರ ಮೊದಲ ಭಾಷೆ ಫ್ರೆಂಚ್ ಆಗಿದ್ದರೆ ಸಾಕು, ಫ್ರೆಂಚ್ ಶಾಲೆಗೆ ಹೋಗಿ ವಿಚಾರಿಸಿ. ಶಾಲೆಯಲ್ಲಿ ಕೊರತೆಯಿದ್ದರೆ ದೂರದವರನ್ನು ಕಾಯುತ್ತಾ ಕೂರಬೇಡಿ. ಶಾಲೆ ಪ್ರಾಂತ್ಯದ ಜವಾಬ್ದಾರಿ, ನಿಮ್ಮ ಪ್ರಾಂತ್ಯದ ಶಾಸಕರ ಬಾಗಿಲು ತಟ್ಟಿ. ಮನೆಗೆ ಇಂಗ್ಲಿಷಿನವರು ಬಂದರೆ ಅವರನ್ನೂ ನಿಮ್ಮ ಮಾತಿನೊಳಗೆ ಕರೆದುಕೊಳ್ಳಿ. ಅಮ್ಮಂದಿರ ಮಾತಿಗಾಗಿ ಹಂಬಲಿಸುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಆದರೆ ನಾವು ಹಂಬಲಿಸಿ ಮುಗಿಸುವವರೆಗೆ ನಮ್ಮ ಮಕ್ಕಳು ಐದು ವರ್ಷದವರಾಗಿಯೇ ಇರುವುದಿಲ್ಲ.