ಗುಡಿಯ ಬೆನ್ನಿಗೆ ಗುರುಬಸವ್ವ

ನಾನೊಂದು ಮಸಿಯ ಚಿತ್ರ. ಹುಟ್ಟಿದ್ದು ಮಲಪ್ರಭೆಯ ದಂಡೆಯ ಹಾಳುಗುಡಿಯೊಂದರ ಎದುರು, ಬೇವಿನ ನೆರಳಲ್ಲಿ. ಊರೂರು ತಿರುಗಿ ಪಾಳುಬಿದ್ದ ಗುಡಿ, ಕೋಟೆಗಳನ್ನು ಬರೆಯುತ್ತಿದ್ದ ಬೆಳಗಾವಿಯ ವಾಮನರಾವ್ ಹುದ್ದಾರರು ದಪ್ಪ ಕಾಗದವೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಿದಿರಿನ ಲೇಖನಿಯಿಂದ ನನ್ನನ್ನು ಗೀರಿದರು. ಕುಸಿದ ಶಿಖರ ಬಂತು, ಬಿರುಕಿನಲ್ಲಿ ಚಿಗುರಿದ ಅರಳಿ ಬಂತು, ಕಂಬಗಳ ನೆರಳು ಬಂತು.

ಆ ಗುಡಿಯ ಮಂಟಪದಲ್ಲಿ ಗುರುಬಸವ್ವನ ಸಂಸಾರವಿತ್ತು. ಒಲೆ, ಎಮ್ಮೆ, ತೊಟ್ಟಿಲು ಎಲ್ಲವೂ ಕಂಬಗಳ ನಡುವೆಯೇ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು.

"ಇದರಾಗ ನಾವೇ ಇಲ್ಲಲ್ರೀ?"

"ಹಾಳುಗುಡಿ ಅಂದಮ್ಯಾಲೆ ಹಾಳಾಗೇ ಕಾಣಬೇಕವ್ವಾ," ಎಂದು ರಾಯರು ನಕ್ಕರು.

"ಹಾಳಂತ ಯಾರಂದ್ರು? ನಾಕು ಮಕ್ಕಳನ್ನ ಇಲ್ಲೇ ಹಡದೇನಿ ನಾ," ಎಂದವಳೇ ತಿರುಗಿ ಹೋದಳು.

ಆ ಮಾತು ರಾಯರನ್ನು ಒಂದೆಡೆ ಕೂರಗೊಡಲಿಲ್ಲ. ಬಸ್ಸಿನಲ್ಲಿ, ಛತ್ರದಲ್ಲಿ, ಯಾವುದೋ ಕೋಟೆಯ ಬಾಗಿಲಲ್ಲಿ ನನ್ನನ್ನು ಬಿಚ್ಚುವರು, ಲೇಖನಿ ಅದ್ದುವರು, ಆಕೆಯನ್ನು ಎಲ್ಲಿ ಕೂರಿಸಿದರೂ ಚಿತ್ರ ಕೆಟ್ಟೀತೆಂದು ಮತ್ತೆ ಸುತ್ತಿಡುವರು. ಸುರುಳಿಯೊಳಗೆ ನನಗೂ ಉಸಿರು ಕಟ್ಟುತ್ತಿತ್ತು.

ಮರುವರ್ಷ ಹೋದಾಗ ಮಂಟಪ ಬರಿದಾಗಿತ್ತು. ಗುಡಿಯನ್ನು ಕಾಪಾಡಬೇಕೆಂದು ಸರಕಾರದವರು ಅಲ್ಲಿದ್ದವರನ್ನು ಒಕ್ಕಲೆಬ್ಬಿಸಿ, ಸುತ್ತ ತಂತಿಬೇಲಿ ಹಾಕಿದ್ದರು. ರಾಯರು ಬಿಸಿಲಲ್ಲಿ ಅವರಿವರನ್ನು ಕೇಳುತ್ತ ಅಲೆದು, ಊರಾಚೆಯ ತಗಡಿನ ಮನೆಯಲ್ಲಿ ಆಕೆಯನ್ನು ಕಂಡರು. ರೊಟ್ಟಿ ಬಡಿಯುತ್ತಿದ್ದಳು.

"ಗುಡಿಯೊಳಗ ನಿನ್ನ ಬರೀಬೇಕಂತ ಬಂದೀನವ್ವಾ."

"ಈಗ ಅಲ್ಲಿ ನಾ ಎಲ್ಲಿದೀನ್ರಿ? ಸುಳ್ಳ ಬರೀಬ್ಯಾಡ್ರಿ." ಆಕೆಯ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಕಾಲಿನಿಂದಲೇ ಮಣೆ ಸರಿಸಿ, "ಬರಿಯೂದಿದ್ರ ಇಲ್ಲೇ ಕುಂತ ಬರೀರಿ," ಎಂದಳು.

ಚೀಲದಲ್ಲಿ ನನ್ನ ಹೊರತು ಬೇರೆ ಕಾಗದವಿರಲಿಲ್ಲ. ರಾಯರು ನನ್ನನ್ನು ಬೋರಲು ಹಾಕಿ, ಬೆನ್ನ ಮೇಲೆ ಆಕೆಯನ್ನು ಬರೆದರು: ತಗಡು, ಹೊಗೆ, ಹಿಟ್ಟು ಮೆತ್ತಿದ ಕೈ, ನೆಟ್ಟ ನೋಟ.

"ಹ್ಞೂಂ, ಇದು ನಾ," ಎಂದು ಆಕೆ ಬಿಸಿ ರೊಟ್ಟಿ ಬಡಿಸಿದಳು.

ರಾಯರು ತೀರಿಕೊಂಡ ಮೇಲೆ ಮಗಳು ಕುಮುದ ನನ್ನನ್ನು ಕಟ್ಟು ಹಾಕಿಸಲು ಒಯ್ದಳು.

"ಯಾವ ಮಗ್ಗಲ ಮುಂದ ಇಡ್ಲಿರಿ ಅಕ್ಕಾರ?" ಎಂದ ಅಂಗಡಿಯವನು.

ಕುಮುದ ನನ್ನನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. "ಈಕಿ ಯಾರೋ ಗೊತ್ತಿಲ್ಲ. ಗುಡೀನ ಇರಲಿ."

ಈಗ ನನಗೆ ವಯಸ್ಸಾಗಿದೆ, ಅಂಚು ಹಳದಿಗಟ್ಟಿದೆ. ಕುಮುದಳ ಮನೆಗೆ ಬಂದವರು ಎದುರು ನಿಂತು, "ಒಂದು ನರಪಿಳ್ಳೆ ಇಲ್ಲ, ಎಂಥ ಶಾಂತಿ!" ಎನ್ನುತ್ತಾರೆ. ಮೊಳೆಗೆ ನೇತುಬಿದ್ದ ನಾನು ಹೊರಳಲಾರೆ. ನನ್ನ ಬೆನ್ನಿನಲ್ಲಿ ಗುರುಬಸವ್ವ, ಗೋಡೆಯನ್ನೇ ದಿಟ್ಟಿಸುತ್ತ, ರೊಟ್ಟಿ ಬಡಿಯುತ್ತಲೇ ಇದ್ದಾಳೆ.